ಕನ್ಸೋಲ್ ಸರ್ವರ್ ಕೈ ಕೊಟ್ಟಾಗ: ತಪ್ಪು ಯೂಸರ್‌ದಾ, ಪೋರ್ಟ್‌ದಾ, ವೈರ್‌ದಾ?

ಮೊನ್ನೆ ಸಂಜೆ ದಾವಣಗೆರೆಯಲ್ಲಿ ಮಂಡಕ್ಕಿ ಮೆಣಸಿನಕಾಯಿ ಕೈಗೆ ಬಂದಿತ್ತಷ್ಟೇ, ಹುಡುಗನ ಫೋನು. "ಅಣ್ಣಾ, ಲಾಗಿನ್ ಆಗ್ತೈತೆ, ಏಳನೇ ಪೋರ್ಟ್ ಮಾತ್ರ ತೆರೀತಿಲ್ಲ, ಕೇಬಲ್ ಬದ್ಲಿ ಮಾಡ್ಲಾ?" ಬ್ಯಾಡ ಕಣೋ, ಕೇಬಲ್ ಮುಟ್ಬೇಡ, ಮೊದ್ಲು ಅಡ್ಮಿನ್ ಲಾಗಿನ್ನಿಂದ ಅದೇ ಏಳನೇ ಪೋರ್ಟ್ ತೆಗೆದು ನೋಡು ಅಂದೆ. ತೆರೀತು. ಅಲ್ಲಿಗೆ ಕೇಬಲ್ ಮಾತು ಮುಗೀತು. ಅವನ ಅಕೌಂಟಿಗೆ 1ರಿಂದ 6ರ ತನಕ ಮಾತ್ರ ಪರ್ಮಿಷನ್ ಕೊಟ್ಟು ಮರೆತಿದ್ದೋನು ನಾನೇ.

ಇಂಥ ಫೋನು ವಾರಕ್ಕೊಂದಾದ್ರೂ ಬರುತ್ತೆ, ಅದಕ್ಕೇ ಒಂದ್ಸಲ ಬರೆದಿಟ್ಟುಬಿಡೋಣ ಅಂತ. ಕನ್ಸೋಲ್ ಸರ್ವರ್ ಅಂದ್ರೆ ಗೊತ್ತಲ್ಲ, ರ್ಯಾಕಲ್ಲಿರೋ ಸ್ವಿಚ್ಚು, ರೂಟರು, ಫೈರ್‌ವಾಲು, ಸರ್ವರು ಇವೆಲ್ಲದರ, ನೆಟ್‌ವರ್ಕ್ ಇಲ್ಲದಿದ್ರೂ ನೇರ ತಂತಿಯಲ್ಲಿ ಕಮಾಂಡ್ ಕೊಡೋಕೆ ಇರೋ, ಸೀರಿಯಲ್ ಕನ್ಸೋಲ್ ಪೋರ್ಟ್‌ಗಳನ್ನ ಒಂದೇ ಡಬ್ಬಕ್ಕೆ ಎಳ್ಕೊಂಡು ಬಂದು, ನೆಟ್‌ವರ್ಕ್ ಮೂಲಕ ದೂರದಿಂದ ಕೂತು ತೆಗೆಯೋ ಹಂಗೆ ಮಾಡೋ ಬಾಕ್ಸು. ನಮ್ಮ ಚಿತ್ರದುರ್ಗದ ಹುಡುಗ್ರು ಕನ್ಸೋಲ್ ಪೋರ್ಟಿಗೆ 'ಕಿಂಡಿ' ಅಂತಲೇ ಕರೀತಾರೆ, ಏಳು ಸುತ್ತಿನ ಕೋಟೆ ಊರೋರಿಗೆ ಆ ಹೆಸರು ಯಾಕೆ ಅಂತ ಬಿಡಿಸಿ ಹೇಳ್ಬೇಕಿಲ್ಲ.

ಏನೇ ದೂರು ಬರ್ಲಿ, ಮೊದಲು ಎರಡು ಟೆಸ್ಟು. ಖರ್ಚಿಲ್ಲ, ಎರಡು ನಿಮಿಷದ ಕೆಲಸ. ಒಂದು, ಅದೇ ಪೋರ್ಟನ್ನ ಅಡ್ಮಿನ್ ಆಗಿ ತೆಗೀರಿ. ಎರಡು, ಅದೇ ಯೂಸರ್ ಆಗಿ ಬೇರೆ ಪೋರ್ಟ್ ತೆಗೀರಿ. ಅಡ್ಮಿನ್‌ಗೆ ತೆರೆದು ಯೂಸರ್‌ಗೆ ತೆರೀಲಿಲ್ಲ ಅಂದ್ರೆ ಪರ್ಮಿಷನ್. ಇಬ್ರಿಗೂ ಅದೊಂದೇ ಪೋರ್ಟ್ ಕೆಲಸ ಮಾಡಲ್ಲ ಅಂದ್ರೆ ಪೋರ್ಟ್ ಸೆಟ್ಟಿಂಗೋ ವೈರೋ ಆ ಕಡೆ ಮಷೀನೋ. ಯಾವ ಪೋರ್ಟೂ ಯಾರಿಗೂ ಇಲ್ಲ ಅಂದ್ರೆ ಬಾಕ್ಸೇ ಮಲಗಿದೆ, ಇಲ್ಲ ಮಧ್ಯದಲ್ಲಿ ನೆಟ್‌ವರ್ಕ್ ಹೋಗಿದೆ. ಈ ಎರಡು ಟೆಸ್ಟ್ ಮಾಡದೆ ಕ್ರಿಂಪಿಂಗ್ ಟೂಲ್ (ಕೇಬಲ್ ತುದಿಗೆ ಪ್ಲಗ್ ಒತ್ತೋ ಇಕ್ಕಳ) ಹಿಡ್ಕೊಂಡು ಓಡೋರನ್ನ ಬೇಕಾದಷ್ಟು ನೋಡಿದೀನಿ, ನಾನೂ ಓಡಿದೀನಿ.

ಇನ್ನೊಂದು, ಪರ್ಮಿಷನ್ ತಿದ್ದೋಕೆ ಮುಂಚೆ ಕಾನ್ಫಿಗ್ ಬ್ಯಾಕಪ್ ತಗೊಳ್ಳಿ, ಆಮೇಲೆ ಇನ್ನೊಂದು ಕಿಟಕಿಯಲ್ಲಿ ಅಡ್ಮಿನ್ ಸೆಷನ್ ತೆರೆದಿಟ್ಟೇ ತಿದ್ದಿ. ತಮ್ಮ ಅಡ್ಮಿನ್ ಹಕ್ಕನ್ನ ತಾವೇ ಕಿತ್ತಾಕ್ಕೊಂಡು ಹೊರಗೆ ನಿಂತವರಿಗೆ ಆ ಎರಡನೇ ಕಿಟಕಿ ಒಂದೇ ದಿಕ್ಕು.

ಲಾಗಿನ್ ಆಗುತ್ತೆ, ಪೋರ್ಟ್ ಲಿಸ್ಟ್ ಖಾಲಿ ಅಥವಾ 'ಪರ್ಮಿಷನ್ ಇಲ್ಲ' ಅನ್ನುತ್ತೆ

ಪಾಸ್‌ವರ್ಡ್ ಸರಿ ಇರೋದು ಬೇರೆ, ಪೋರ್ಟಿಗೆ ಹಕ್ಕಿರೋದು ಬೇರೆ. ಬಾಕ್ಸ್ ನಿಮ್ಮನ್ನ ಒಳಗೆ ಬಿಟ್ಟಿದೆ ಅಂದ್ರೆ ಗುರುತು ಹಿಡಿದಿದೆ ಅಂತ ಅಷ್ಟೇ. ಯೂಸರ್ ಪುಟ ತೆಗೆದು ಅವನ ಹೆಸರಿನ ಮುಂದೆ ಯಾವ ಪೋರ್ಟ್ ನಂಬರ್ ಇದಾವೆ ನೋಡಿ, ಅಲ್ಲಿ ಇಲ್ಲ ಅಂದ್ರೆ ಅವನ ಗ್ರೂಪ್ ನೋಡಿ. ತುಂಬಾ ಸಲ ಯೂಸರ್‌ಗೆ ನೇರವಾಗಿ ಏನೂ ಕೊಟ್ಟಿರಲ್ಲ, ಎಲ್ಲ ಗ್ರೂಪಿಂದ ಬರ್ತಿರುತ್ತೆ, ಯಾರೋ ಗ್ರೂಪ್ ತಿದ್ದಿರ್ತಾರೆ, ಅದರ ಬಿಸಿ ಇನ್ನೊಬ್ಬನಿಗೆ ತಟ್ಟುತ್ತೆ. ತಿದ್ದಿದ ಮೇಲೆ ಆ ಯೂಸರ್‌ಗೆ ಲಾಗೌಟ್ ಆಗಿ ಮತ್ತೆ ಬಾ ಅನ್ನಿ, ಎಷ್ಟೋ ಬಾಕ್ಸಲ್ಲಿ ಹೊಸ ಹಕ್ಕು ಹೊಸ ಸೆಷನ್ನಿಗೇ ಅಂಟೋದು.

ಬಾಕ್ಸಲ್ಲೇ ಮಾಡಿದ ಲೋಕಲ್ ಯೂಸರ್ ಸಲೀಸಾಗಿ ಹೋಗ್ತಾನೆ, ಎಲ್ಲರ ಲಾಗಿನ್ ಒಂದೇ ಕಡೆ ನೋಡ್ಕೊಳ್ಳೋ ಟ್ಯಾಕಾಕ್ಸ್ ಅಥವಾ ರೇಡಿಯಸ್ ಸರ್ವರ್‌ನಿಂದ ಬರೋ ಯೂಸರ್‌ಗೆ ಮಾತ್ರ ಖಾಲಿ ಲಿಸ್ಟ್ ಅಂದ್ರೆ, ಆ ಸರ್ವರ್ 'ಹೌದು ಇವನು ನಮ್ಮವನೇ' ಅಂದಿದೆ, 'ಇವನ ಗ್ರೂಪ್ ಇದು' ಅನ್ನೋದನ್ನ ಕಳಿಸಿಲ್ಲ, ಇಲ್ಲ ಕಳಿಸಿದ ಗ್ರೂಪ್ ಹೆಸರು ಬಾಕ್ಸಲ್ಲಿರೋ ಹೆಸರಿಗೆ ತಾಳೆ ಆಗ್ತಿಲ್ಲ. ದೊಡ್ಡಕ್ಷರ ಚಿಕ್ಕಕ್ಷರದ ವ್ಯತ್ಯಾಸಕ್ಕೇ ಅರ್ಧ ದಿನ ಹಾಳು ಮಾಡ್ಕೊಂಡಿದೀನಿ. ಲಾಗಿನ್ನೇ ಆಗ್ತಿಲ್ಲ ಅಂದ್ರೆ ಎರಡೂ ಕಡೆ ಶೇರ್ಡ್ ಸೀಕ್ರೆಟ್ (ಬಾಕ್ಸು, ಆ ಸರ್ವರು ಇಬ್ಬರಿಗೂ ಗೊತ್ತಿರೋ ಗುಟ್ಟಿನ ಪದ) ಒಂದೇ ಇದೆಯಾ, ಫೈರ್‌ವಾಲಲ್ಲಿ ಟ್ಯಾಕಾಕ್ಸ್ ಪ್ಲಸ್‌ನ ಟಿಸಿಪಿ 49, ರೇಡಿಯಸ್‌ನ ಯುಡಿಪಿ 1812 ಅನ್ನೋ ನೆಟ್‌ವರ್ಕ್ ಬಾಗಿಲು ಬಿಟ್ಟಿದಾರಾ ನೋಡಿ.

ಇಲ್ಲೇ ಒಂದು ಮಾತು. ಲೋಕಲ್ ಅಕೌಂಟ್ ಒಂದನ್ನ ಇಟ್ಕೊಂಡೇ ಇರಿ. ಕನ್ಸೋಲ್ ಸರ್ವರ್ ನಿಮಗೆ ಬೇಕಾಗೋದೇ ನೆಟ್‌ವರ್ಕ್ ಬಿದ್ದಾಗ, ಆಗ ಟ್ಯಾಕಾಕ್ಸ್ ಸರ್ವರೂ ಸಿಗಲ್ಲ. 'ಸರ್ವರ್ ಸಿಗದಿದ್ರೆ ಲೋಕಲ್ ನೋಡು' ಅನ್ನೋ ಆರ್ಡರ್ ಹಾಕಿಟ್ಟು, ಒಂದು ದಿನ ಬೇಕಂತಲೇ ಆ ಸರ್ವರ್ ದಾರಿ ಮುಚ್ಚಿ ಟೆಸ್ಟ್ ಮಾಡಿ. ಸರ್ವರ್ ಸಿಗದೇ ಇರೋದು ಬೇರೆ, ಸರ್ವರ್ ಸಿಕ್ಕಿ 'ಇವನನ್ನ ಬಿಡಬೇಡ' ಅನ್ನೋದು ಬೇರೆ, ಎರಡನೇದರಲ್ಲಿ ಕೆಲವು ಬಾಕ್ಸ್ ಲೋಕಲ್ ಕಡೆ ತಿರುಗಿಯೂ ನೋಡಲ್ಲ.

ಮೇನ್ ಲಾಗಿನ್ ಆಗುತ್ತೆ, ನೇರ ಪೋರ್ಟಿಗೆ ಹೋದ್ರೆ ಟೈಮೌಟ್

ಇದು ಪರ್ಮಿಷನ್ ಅಲ್ಲ, ಪರ್ಮಿಷನ್ ಆಗಿದ್ರೆ ಬೈದು ಹೊರಗೆ ಹಾಕ್ತಿತ್ತು, ಸುಮ್ನೆ ನೇತಾಡ್ತಿರ್ಲಿಲ್ಲ. ಲ್ಯಾಂಟ್ರಾನಿಕ್ಸ್ ಎಸ್‌ಎಲ್‌ಸಿ, ಓಪನ್‌ಗೇರ್ ತರದ ಬಾಕ್ಸಲ್ಲಿ ಪ್ರತಿ ಸೀರಿಯಲ್ ಪೋರ್ಟಿಗೂ ಸ್ವಂತ ಟಿಸಿಪಿ ನಂಬರ್ ಇರುತ್ತೆ, ಟೆಲ್ನೆಟ್‌ಗೆ 2000ದ ಸಾಲು, ಗುಟ್ಟಾಗಿ ಹೋಗೋ ಎಸ್‌ಎಸ್‌ಎಚ್‌ಗೆ 3000ದ ಸಾಲು, ಕಚ್ಚಾ ಟಿಸಿಪಿಗೆ 4000ದ ಸಾಲು, ಹಂಗಾಗಿ ಏಳನೇ ಪೋರ್ಟಿನ ಎಸ್‌ಎಸ್‌ಎಚ್ 3007. ಫೈರ್‌ವಾಲಲ್ಲಿ ಮೇನ್ ಲಾಗಿನ್ನಿನ 22 ಮಾತ್ರ ಬಿಟ್ಟಿರ್ತಾರೆ. ಇಲ್ಲ ಆ ಪೋರ್ಟಿಗೆ ಎಸ್‌ಎಸ್‌ಎಚ್ ಸೇವೆನೇ ಆನ್ ಮಾಡಿರಲ್ಲ. ಟೆಲ್ನೆಟ್ ಮತ್ತೆ ಕಚ್ಚಾ ಟಿಸಿಪಿ ಆಫ್ ಇರ್ಲಿ, ಟೆಲ್ನೆಟ್ಟಲ್ಲಿ ಪಾಸ್‌ವರ್ಡ್ ಬಟಾಬಯಲಾಗಿ ಹೋಗುತ್ತೆ, ಕಚ್ಚಾ ಟಿಸಿಪಿಯಲ್ಲಿ ಎಷ್ಟೋ ಕಡೆ ಪಾಸ್‌ವರ್ಡ್ ಕೇಳೋದೇ ಇಲ್ಲ.

ಅಕ್ಷರ ಬರುತ್ತೆ, ಟೈಪ್ ಮಾಡಿದ್ರೆ ಹೋಗಲ್ಲ

ಇದು ಜನರನ್ನ ಸುತ್ತಾಡಿಸೋ ದೂರು, ಯಾಕಂದ್ರೆ ಕಾರಣ ಮೂರು ಕಡೆಯಿಂದ ಬರಬಹುದು.

ಸುಲಭದ್ದು ಮೊದಲು, ಕಂಟ್ರೋಲ್ ಹಿಡಿದು ಕ್ಯೂ ಒತ್ತಿ. ನಗಬೇಡಿ. ಪೋರ್ಟಲ್ಲಿ ಫ್ಲೋ ಕಂಟ್ರೋಲ್ (ಒಬ್ಬರು ಇನ್ನೊಬ್ಬರಿಗೆ 'ತಡಿ' ಅನ್ನೋ ವ್ಯವಸ್ಥೆ) ಎಕ್ಸ್‌ಆನ್-ಎಕ್ಸ್‌ಆಫ್ ಇದ್ರೆ ಕಂಟ್ರೋಲ್-ಎಸ್ ಅಂದ್ರೆ 'ನಿಲ್ಲು', ಕಂಟ್ರೋಲ್-ಕ್ಯೂ ಅಂದ್ರೆ 'ನಡಿ'. ದಿನವಿಡೀ ಎಕ್ಸೆಲ್ಲಲ್ಲಿ ಸೇವ್ ಒತ್ತಿ ಒತ್ತಿ ಅಭ್ಯಾಸ ಆದ ಕೈ ಇಲ್ಲೂ ಕಂಟ್ರೋಲ್-ಎಸ್ ಒತ್ತುತ್ತೆ, ಪರದೆ ಕಲ್ಲಾಗಿ ಕೂರುತ್ತೆ.

ಅದಲ್ಲ ಅಂದ್ರೆ ಅಡ್ಮಿನ್ ಟೆಸ್ಟ್. ಅಡ್ಮಿನ್‌ಗೆ ಟೈಪ್ ಆಗುತ್ತೆ ಅಂದ್ರೆ ಯೂಸರ್‌ಗೆ ಬರೀ ನೋಡೋ ಹಕ್ಕು ಕೊಟ್ಟಿದೀರಿ. ಎಸ್‌ಎಲ್‌ಸಿಯಲ್ಲಿ ಪೋರ್ಟ್ ಹಕ್ಕು ಮೂರು ತರ: ಡೇಟಾ ಅಂದ್ರೆ ಮಾತಾಡೋದು, ಲಿಸನ್ ಅಂದ್ರೆ ಕೇಳಿಸ್ಕೊಳ್ಳೋದು ಅಷ್ಟೇ, ಕ್ಲಿಯರ್ ಅಂದ್ರೆ ಆ ಪೋರ್ಟಿನ ಬಫರಲ್ಲಿ ಕೂಡಿಟ್ಟ ಹಳೇ ಅಕ್ಷರ ಅಳಿಸೋದು. ಈ ಕ್ಲಿಯರ್ ಅನ್ನೋದನ್ನ 'ಸಿಕ್ಕಾಕ್ಕೊಂಡ ಸೆಷನ್ ಬಿಡಿಸೋದು' ಅಂತ ತಿಳ್ಕೊಂಡು ಎಲ್ರಿಗೂ ಹಂಚಿರ್ತಾರೆ, ಆಮೇಲೆ ರಾತ್ರಿ ಏನಾಯ್ತು ಅಂತ ನೋಡೋಕೆ ಹೋದ್ರೆ ಬಫರ್ ಒರೆಸಿಟ್ಟ ಸ್ಲೇಟು. ಹೊಸ ಹುಡುಗ್ರಿಗೆ ಲಿಸನ್ ಸಾಕು, ಕ್ಲಿಯರ್ ಒಬ್ಬರಿಗೆ ಇರ್ಲಿ.

ಅಡ್ಮಿನ್‌ಗೂ ಟೈಪ್ ಆಗಲ್ಲ ಅಂದ್ರೆ, ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ ಆನ್ ಇದೆಯಾ ನೋಡಿ. ಬಾಕ್ಸು 'ಕಳಿಸ್ಲಾ?' ಅಂತ ಕೇಳ್ತಾ ಸಿಟಿಎಸ್ ತಂತಿಯಲ್ಲಿ ಉತ್ತರಕ್ಕೆ ಕಾಯ್ತಿರುತ್ತೆ, ಆ ತಂತಿ ಕೇಬಲ್ಲಲ್ಲಿ ಇರೋದೇ ಇಲ್ಲ. ಆಫ್ ಮಾಡಿ ನೋಡಿ. ಆಗಲೂ ಇಲ್ಲ ಅಂದ್ರೆ ಕಳಿಸೋ ಕಡೆ ತಂತಿ ಒಂದು ತುಂಡಾಗಿದೆ, ಕ್ರಿಂಪ್ ಸಡಿಲ ಆಗಿದೆ, ಈಗ ಕೇಬಲ್ ಬದಲಿಸಿ.

ಪೋರ್ಟ್ ತೆರೆಯುತ್ತೆ, ಒಳಗೆ ಕತ್ತಲು

ಎಂಟರ್ ಒತ್ತಿದ್ರಾ? ಮತ್ತೊಮ್ಮೆ ಒತ್ತಿ. ಕನ್ಸೋಲ್ ತಾನಾಗಿ ಮಾತಾಡಲ್ಲ, ಎಬ್ಬಿಸ್ಬೇಕು. ಆ ಕಡೆ ಮಷೀನಿಗೆ ಕರೆಂಟ್ ಇದೆಯಾ? ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದಾಗ ಕನ್ಸೋಲ್ ಸರ್ವರ್ ಯುಪಿಎಸ್‌ನಲ್ಲಿ ನೆಟ್ಟಗಿರುತ್ತೆ, ಸ್ವಿಚ್ ಬೇರೆ ಬೋರ್ಡಲ್ಲಿ ಇದ್ದು ಸತ್ತಿರುತ್ತೆ.

ಸರ್ವರ್ ಆದ್ರೆ ಸೀರಿಯಲ್ ಕನ್ಸೋಲ್ ಆನ್ ಮಾಡಿದಾರಾ ಕೇಳಿ. ಲಿನಕ್ಸಲ್ಲಿ ಬೂಟ್‌ಲೋಡರ್, ಕರ್ನೆಲ್, ಗೆಟ್ಟಿ (ಲಾಗಿನ್ ಕೇಳೋ ಪ್ರೋಗ್ರಾಂ) ಹೀಗೆ ಮೂರೂ ಕಡೆ ಆನ್ ಆಗಿರಬೇಕು, ಒಂದು ಬಿಟ್ಟೋದ್ರೆ ಬೂಟ್ ಆಗೋದು ಕಾಣುತ್ತೆ, ಲಾಗಿನ್ ಬರಲ್ಲ, ಅಥವಾ ಅದರ ಉಲ್ಟಾ.

ಆಮೇಲೆ ವೈರು. ಸಿಸ್ಕೋ ತರದ ಆರ್‌ಜೆ45 (ಲ್ಯಾನ್ ಕೇಬಲ್ ತರದ 8 ಪಿನ್ನಿನ ತೂತು) ಕನ್ಸೋಲಲ್ಲಿ 3ನೇ ಪಿನ್ನಿಂದ ಮಷೀನ್ ಮಾತಾಡುತ್ತೆ, 6ರಲ್ಲಿ ಕೇಳಿಸ್ಕೊಳ್ಳುತ್ತೆ, 4 ಮತ್ತೆ 5 ಗ್ರೌಂಡು. ಕನ್ಸೋಲ್ ಸರ್ವರ್ ಪೋರ್ಟೂ ಹಂಗೇ ಇದ್ರೆ ಇಬ್ರೂ 3ರಲ್ಲೇ ಕೂಗಾಡ್ತಾರೆ, ಕೇಳಿಸ್ಕೊಳ್ಳೋರು ಯಾರೂ ಇಲ್ಲ. ಅದಕ್ಕೇ ರೋಲ್‌ಓವರ್ ಕೇಬಲ್, 1 ಹೋಗಿ 8ಕ್ಕೆ, 3 ಹೋಗಿ 6ಕ್ಕೆ, ಪೂರ್ತಿ ತಿರುಗುಮುರುಗು. ಕೆಲವು ಬಾಕ್ಸಲ್ಲಿ ಪಿನ್ನುಗಳನ್ನ ಮೊದಲೇ ತಿರುಗಿಸಿ ಕೊಟ್ಟಿರ್ತಾರೆ, ಕೆಲವರಲ್ಲಿ ಸೆಟ್ಟಿಂಗಿಂದಲೇ ತಿರುಗಿಸಬಹುದು, ಅಲ್ಲಿ ಮಾಮೂಲಿ ಪ್ಯಾಚ್ ಕಾರ್ಡೇ ಸಾಕು. ಕ್ಲಿಪ್ ಎರಡನ್ನೂ ಪಕ್ಕಪಕ್ಕ ಒಂದೇ ದಿಕ್ಕಿಗೆ ಹಿಡಿದು ಬಣ್ಣ ನೋಡಿದ್ರೆ ಯಾವ ಕೇಬಲ್ ಅಂತ ಗೊತ್ತಾಗುತ್ತೆ.

ಮಲ್ಟಿಮೀಟರ್ ಇದ್ರೆ ಇನ್ನೂ ಖಚಿತ. ಡಿಸಿ ವೋಲ್ಟಿಗೆ ಇಟ್ಟು ಕಪ್ಪು ತಂತಿ ಗ್ರೌಂಡಿಗೆ, ಕೆಂಪು ಮಾತಾಡೋ ಪಿನ್ನಿಗೆ. ಆರ್‌ಎಸ್-232 (ಈ ಸೀರಿಯಲ್ ಸಂಪರ್ಕದ ಸ್ಟ್ಯಾಂಡರ್ಡು) ಸುಮ್ಮನಿದ್ದಾಗ ಮೈನಸ್ ತೋರಿಸ್ಬೇಕು, ಸಾಮಾನ್ಯವಾಗಿ ಮೈನಸ್ 5ರಿಂದ ಮೈನಸ್ 12ರ ಸುತ್ತ. ಮೈನಸ್ ಬಂತು ಅಂದ್ರೆ ಆ ಕಡೆ ಜೀವ ಇದೆ. ಸೊನ್ನೆ ಅಂದ್ರೆ ನೀವು ತಪ್ಪು ಪಿನ್ ಹಿಡಿದಿದೀರಿ, ಇಲ್ಲ ಮಷೀನ್ ಆಫ್ ಇದೆ, ಇಲ್ಲ ಒಳಗಿನ ಡ್ರೈವರ್ ಚಿಪ್ ಹೋಗಿದೆ. ಕನ್ಸೋಲ್ ಸರ್ವರ್ ಪೋರ್ಟ್ ಮೇಲೆ ಅನುಮಾನ ಇದ್ರೆ ಅದರ 3 ಮತ್ತೆ 6ನ್ನ ಸೇರಿಸಿದ ಒಂದು ಖಾಲಿ ಪ್ಲಗ್ (ಲೂಪ್‌ಬ್ಯಾಕ್ ಪ್ಲಗ್) ಮಾಡಿ ಚುಚ್ಚಿ, ಟೈಪ್ ಮಾಡಿದ್ದು ವಾಪಸ್ ಕಂಡ್ರೆ ಪೋರ್ಟ್ ಚೆನ್ನಾಗಿದೆ. ಫ್ಲೋ ಕಂಟ್ರೋಲ್ ಆಫ್ ಮಾಡಿರಬೇಕು, ಮತ್ತೆ ನಿಮ್ಮ ಬಾಕ್ಸಲ್ಲೂ ಮಾತಾಡೋ ಪಿನ್ನು ಕೇಳೋ ಪಿನ್ನು ಇವೇನಾ ಅಂತ ಕೈಪಿಡಿಯಲ್ಲಿ ನೋಡ್ಕೊಳ್ಳಿ.

ಕಸ ಕಸ ಅಕ್ಷರ

ನೂರಕ್ಕೆ ತೊಂಬತ್ತು ಸಲ ಬಾಡ್ ರೇಟ್, ಅಂದ್ರೆ ಅಕ್ಷರ ಕಳಿಸೋ ವೇಗ ಎರಡೂ ಕಡೆ ತಾಳೆ ಇರಲ್ಲ. ಸಿಸ್ಕೋ, ಜುನಿಪರ್ ಹುಟ್ಟುತ್ತಾ 9600, ಮೈಕ್ರೋಟಿಕ್ 115200, ಸರ್ವರ್‌ಗಳೂ ಹೆಚ್ಚಾಗಿ 115200. ಬೂಟ್ ಆಗೋವಾಗ ಚೆನ್ನಾಗಿ ಬಂದು ಆಮೇಲೆ ಕಸ ಆಯ್ತು ಅಂದ್ರೆ ಬಯೋಸ್ ಒಂದು ವೇಗ, ಓಎಸ್ ಇನ್ನೊಂದು ವೇಗ. ಅಕ್ಷರ ಅರ್ಧ ಸರಿ ಅರ್ಧ ತಪ್ಪು ಅಂದ್ರೆ ಪ್ಯಾರಿಟಿ (ತಪ್ಪು ಹಿಡಿಯೋ ಬಿಟ್) ಅಥವಾ ಡೇಟಾ ಬಿಟ್ ಸೆಟ್ಟಿಂಗ್ ತಪ್ಪಿದೆ, 8 ಬಿಟ್, ಪ್ಯಾರಿಟಿ ಇಲ್ಲ, 1 ಸ್ಟಾಪ್ ಬಿಟ್ ಹಾಕಿ ನೋಡಿ. ಸೆಟ್ಟಿಂಗ್ ಎಲ್ಲ ಸರಿ ಇದ್ದೂ ಆಗೊಮ್ಮೆ ಈಗೊಮ್ಮೆ ಕಸ ಅಂದ್ರೆ ಕೇಬಲ್ ಉದ್ದ ಅಳೀರಿ. ಆರ್‌ಎಸ್-232ಗೆ ಹಳೇ ಲೆಕ್ಕ 15 ಮೀಟರ್. 9600ರಲ್ಲಿ ಅದಕ್ಕಿಂತ ಉದ್ದನೂ ನಡೆಯುತ್ತೆ, 115200ರಲ್ಲಿ ತಕರಾರು ಶುರು.

ಪೋರ್ಟ್ ಬ್ಯುಸಿ

ಯಾರಿದಾರೆ ಅಂತ ಸೆಷನ್ ಲಿಸ್ಟಲ್ಲಿ ನೋಡಿ, ಫೋನ್ ಮಾಡಿ ಕೇಳಿ, ಆಮೇಲೆ ಬಿಡಿಸಿ. ಕೇಳದೆ ಬಿಡಿಸಬೇಡಿ, ಅವನು ಫರ್ಮ್‌ವೇರ್ ಏರಿಸ್ತಾ ಅರ್ಧದಲ್ಲಿ ಇರಬಹುದು. ಹೆಚ್ಚಾಗಿ ಯಾರೂ ಇರಲ್ಲ, ಲ್ಯಾಪ್‌ಟಾಪ್ ಮುಚ್ಚಿ ಮನೆಗೆ ಹೋಗಿರ್ತಾರೆ, ಸೆಷನ್ ಮಾತ್ರ ಕೂತಿರುತ್ತೆ. ಐಡಲ್ ಟೈಮೌಟ್ ಹಾಕಿ, ಸುಮ್ಮನಿರೋ ಸೆಷನ್ ತಾನೇ ಮುಚ್ಚುತ್ತೆ.

ಪೋರ್ಟಿಂದ ಹೊರಗೆ ಬರೋಕೆ ಬರದೆ ಕಿಟಕಿನೇ ಮುಚ್ಚೋರಿಂದಲೂ ಇದು ಆಗುತ್ತೆ. ಎಸ್‌ಎಲ್‌ಸಿಯಲ್ಲಿ ಎಸ್ಕೇಪ್ ಒತ್ತಿ ತಕ್ಷಣ ದೊಡ್ಡಕ್ಷರದ ಎ. ಓಪನ್‌ಗೇರಲ್ಲಿ ಹೊಸ ಸಾಲಲ್ಲಿ ಟಿಲ್ಡ ಒತ್ತಿ ಚುಕ್ಕಿ, ಆದ್ರೆ ಅದು ನಿಮ್ಮ ಎಸ್‌ಎಸ್‌ಎಚ್ ಕ್ಲೈಂಟಿನದ್ದೂ ಹೊರಹೋಗೋ ಗುರುತು, ಹಂಗಾಗಿ ಪೋರ್ಟ್ ಬಿಟ್ಟು ಬಾಕ್ಸಲ್ಲೇ ಉಳೀಬೇಕು ಅಂದ್ರೆ ಟಿಲ್ಡ ಎರಡು ಸಲ ಒತ್ತಿ ಚುಕ್ಕಿ.

ಪಾಸ್‌ವರ್ಡ್ ಕೇಳಲೇ ಇಲ್ಲ, ನೇರ ರೂಟ್ (ಎಲ್ಲ ಹಕ್ಕಿರೋ ಅಕೌಂಟ್) ಬಂತು

ಜನ ಇದನ್ನ ದೋಷ ಅಂತಲೇ ಹೇಳಲ್ಲ, ಖುಷಿಪಡ್ತಾರೆ. ನನ್ನ ಲೆಕ್ಕದಲ್ಲಿ ಈ ಪಟ್ಟಿಯಲ್ಲೇ ಕೆಟ್ಟದ್ದು ಇದು.

ಆಗೋದು ಹಿಂಗೆ: ಹಿಂದಿನವನು ಸ್ವಿಚ್ಚಿಗೆ ಲಾಗಿನ್ ಆಗಿ ಕೆಲಸ ಮುಗಿಸಿ, ಸ್ವಿಚ್ಚಿಂದ ಲಾಗೌಟ್ ಆಗದೆ ಎಸ್‌ಎಸ್‌ಎಚ್ ಮಾತ್ರ ಮುಚ್ಚಿದ. ಮಧ್ಯದ ವೈರು ಹಂಗೇ ಚುಚ್ಕೊಂಡಿದೆ, ಸ್ವಿಚ್ಚಿಗೆ ಅವನು ಹೋಗಿದ್ದು ಗೊತ್ತೇ ಇಲ್ಲ. ಮುಂದೆ ಆ ಪೋರ್ಟ್ ತೆಗೆದವನು ಅವನ ಕುರ್ಚಿಯಲ್ಲೇ ಕೂರ್ತಾನೆ. ಕನ್ಸೋಲ್ ಸರ್ವರಲ್ಲಿ ನೀವು ಕೊಡೋ ಪರ್ಮಿಷನ್ ಪೋರ್ಟಿನ ತನಕ ಮಾತ್ರ, ಅದರಾಚೆ ಏನು ತೆರೆದಿದೆ ಅನ್ನೋದು ಅದಕ್ಕೆ ಗೊತ್ತಿಲ್ಲ. ಔಷಧಿ ಆ ಕಡೆ ಮಷೀನಲ್ಲೇ: ಸಿಸ್ಕೋದಲ್ಲಿ ಎಕ್ಸೆಕ್ ಟೈಮೌಟ್ ಹುಟ್ಟುತ್ತಾ 10 ನಿಮಿಷ ಇರುತ್ತೆ, ಯಾರೋ ಕಿರಿಕಿರಿ ಅಂತ ಸೊನ್ನೆ ಮಾಡಿಟ್ಟಿರ್ತಾರೆ, ಅಂದ್ರೆ ಯಾವತ್ತೂ ಮುಚ್ಚಲ್ಲ. ವಾಪಸ್ ಹಾಕಿ. ಲಿನಕ್ಸಲ್ಲಿ ಶೆಲ್‌ಗೆ ಟಿಮೌಟ್ (TMOUT) ಕೊಡಿ.

ಇದರ ಅಣ್ಣ ಒಬ್ಬ ಇದಾನೆ. ದಾವಣಗೆರೆಯ ಒಂದು ಕಾಲೇಜಲ್ಲಿ ಸರ್ವರ್ ರೂಮಿಗೆ ಸುಣ್ಣ ಹೊಡೆಯೋಕೆ ಬಂದವರು ರ್ಯಾಕ್ ಸರಿಸೋಕೆ ಕೇಬಲ್ ಎಲ್ಲ ಕಿತ್ತು, ಪಾಪ, ನೆನಪಿದ್ದಷ್ಟು ವಾಪಸ್ ಚುಚ್ಚಿದ್ರು. 4ರದ್ದು 5ಕ್ಕೆ, 5ರಲ್ಲಿದ್ದ ಕೋರ್ ಸ್ವಿಚ್ಚಿಂದು 4ಕ್ಕೆ ಹೋಯ್ತು. ಬಾಕ್ಸಲ್ಲಿ 4ರ ಹೆಸರು 'ಲ್ಯಾಬ್ ಸ್ವಿಚ್', ಲ್ಯಾಬ್ ಹುಡುಗನಿಗೆ 4ಕ್ಕೆ ಹಕ್ಕು, ಅವನು ನಿಯತ್ತಾಗಿ 4ನ್ನೇ ತೆಗೆದು ರೀಲೋಡ್ ಕೊಟ್ಟ, ಬಿದ್ದಿದ್ದು ಕೋರ್ ಸ್ವಿಚ್. ಎರಡಕ್ಕೂ ಪಾಸ್‌ವರ್ಡ್ ಒಂದೇ ಇಟ್ಟಿದ್ರು, ಅದು ಬೇರೆ ಕಥೆ. ಹಕ್ಕು ಅಂಟಿರೋದು ಪೋರ್ಟ್ ನಂಬರಿಗೆ, ಮಷೀನಿಗಲ್ಲ. ಅವತ್ತಿಂದ ಕೇಬಲ್ಲಿನ ಎರಡೂ ತುದಿಗೆ ಲೇಬಲ್ಲು, ರ್ಯಾಕಿಗೆ ಯಾರು ಕೈ ಹಾಕಿದ್ರೂ ಆಮೇಲೆ ಒಂದೊಂದೇ ಪೋರ್ಟ್ ತೆಗೆದು ಎಂಟರ್ ಒತ್ತಿ ಪ್ರಾಂಪ್ಟಲ್ಲಿರೋ ಹೆಸರು ತಾಳೆ ನೋಡೋದು. ಪ್ರಾಂಪ್ಟ್ ಓದದೆ ಕಮಾಂಡ್ ಹೊಡೀಬೇಡಿ.

ಹಳೇ ಪಿಸಿಗೆ ಯುಎಸ್‌ಬಿ-ಸೀರಿಯಲ್ ಚುಚ್ಚಿ ಕನ್ಸರ್ವರ್ ಅನ್ನೋ ಸಾಫ್ಟ್‌ವೇರ್ ಹಾಕ್ಕೊಂಡು ಕಡಿಮೆ ಖರ್ಚಲ್ಲಿ ಕನ್ಸೋಲ್ ಸರ್ವರ್ ಮಾಡ್ಕೊಂಡೋರಿಗೆ ಇದೇ ರೋಗ ರೀಬೂಟ್ ಆದಾಗ ಬರುತ್ತೆ, ಯುಎಸ್‌ಬಿ ಸೊನ್ನೆ ಅಂತ ಇದ್ದಿದ್ದು ಯುಎಸ್‌ಬಿ ಒಂದು ಆಗುತ್ತೆ. ಎಫ್‌ಟಿಡಿಐ ಚಿಪ್ಪಿಗೆ ಸಾಮಾನ್ಯವಾಗಿ ಸೀರಿಯಲ್ ನಂಬರ್ ಇರುತ್ತೆ, ಯುಡೆವ್ (ಸಾಧನಗಳಿಗೆ ಹೆಸರಿಡೋ ಲಿನಕ್ಸ್ ಭಾಗ) ನಿಯಮದಲ್ಲಿ ಅದನ್ನ ಹಿಡಿದು ಖಾಯಂ ಹೆಸರಿಡಿ. ಅಗ್ಗದ ಸಿಎಚ್340ರಲ್ಲಿ ಆ ನಂಬರ್ ಹೆಚ್ಚಾಗಿ ಇರಲ್ಲ, ಯಾವ ಯುಎಸ್‌ಬಿ ತೂತಿಗೆ ಚುಚ್ಚಿದೆ ಅನ್ನೋದರ ಮೇಲೆ ಹೆಸರಿಡಬೇಕು. ಅಲ್ಲಿ ಪರ್ಮಿಷನ್ ಇಲ್ಲ ಅಂತ ಬಂದ್ರೆ ಯೂಸರ್ 'ಡಯಲ್‌ಔಟ್' ಗ್ರೂಪಲ್ಲಿ ಇದಾನಾ ನೋಡಿ, ಸೇರಿಸಿದ ಮೇಲೆ ಲಾಗೌಟ್ ಆಗಿ ಬರಬೇಕು. ಅದು ಬಿಟ್ಟು ಎಲ್ರಿಗೂ 777 (ಯಾರು ಬೇಕಾದ್ರೂ ಏನು ಬೇಕಾದ್ರೂ ಮಾಡೋ ಹಕ್ಕು) ಕೊಡೋ ಸಲಹೆ ಯಾರಾದ್ರೂ ಕೊಟ್ರೆ ನಮಸ್ಕಾರ ಹಾಕಿ ಕಳಿಸಿ.

ಇಲ್ಲಿ ಕೈ ತೆಗೀರಿ

ಆರ್‌ಜೆ45 ಅಂದ ಮಾತ್ರಕ್ಕೆ ಎಲ್ಲ ಒಂದೇ ಅಲ್ಲ. ಸ್ಟ್ಯಾಂಡರ್ಡ್ ಪಿಒಇ (ಲ್ಯಾನ್ ಕೇಬಲ್ಲಲ್ಲೇ ಕರೆಂಟ್ ಕೊಡೋ) ಸ್ವಿಚ್ಚು ಆ ಕಡೆ ಪಿಒಇ ಸಾಧನ ಇದೆಯಾ ಅಂತ ವಿಚಾರಿಸಿಯೇ ಕರೆಂಟ್ ಕೊಡುತ್ತೆ, ಆದ್ರೆ ವೈರ್‌ಲೆಸ್ ಡಿಶ್ಶಿಗೆ, ಸಿಸಿಟಿವಿಗೆ ಹಾಕೋ ಪ್ಯಾಸಿವ್ ಇಂಜೆಕ್ಟರ್ ವಿಚಾರಿಸಲ್ಲ, 24 ಅಥವಾ 48 ವೋಲ್ಟ್ ಸೀದಾ ನೂಕುತ್ತೆ. ಅದು ಕನ್ಸೋಲ್ ಪೋರ್ಟಿಗೆ ಹೋದ್ರೆ ಪೋರ್ಟ್ ಸುಟ್ಟ ಹಾಗೇ.

ಎಪಿಸಿ ಸ್ಮಾರ್ಟ್-ಯುಪಿಎಸ್‌ನ 9 ಪಿನ್ ಸೀರಿಯಲ್ ಪೋರ್ಟಿಗೆ ಅದರದ್ದೇ ಕೇಬಲ್ ಬೇಕು, ಮಾಮೂಲಿ ಸೀರಿಯಲ್ ಕೇಬಲ್ ಚುಚ್ಚಿದ್ರೆ ಯುಪಿಎಸ್ ಆಫ್ ಆಗಿ ಇಡೀ ರ್ಯಾಕ್ ಮಲಗಬಹುದು.

ಬ್ರೇಕ್ (ಮಷೀನನ್ನ ತಡೆದು ನಿಲ್ಲಿಸೋ ಸೀರಿಯಲ್ ಸಂಕೇತ) ಕಳಿಸೋ ಬಟನ್ನಿನ ಜೊತೆ ಆಟ ಬೇಡ. ಹಳೇ ಸನ್ ಸರ್ವರ್ ಆದ್ರೆ ಅದೊಂದರಿಂದಲೇ ನಿಂತು ಓಕೆ ಪ್ರಾಂಪ್ಟಿಗೆ ಬೀಳುತ್ತೆ, ಸಿಸ್ಕೋ ರೂಟರ್ ಆನ್ ಆದ ಮೊದಲ 60 ಸೆಕೆಂಡಲ್ಲಿ ಬ್ರೇಕ್ ಹೋದ್ರೆ ರಾಮ್‌ಮಾನ್‌ಗೆ (ಓಎಸ್‌ಗೂ ಮುಂಚಿನ ರಿಪೇರಿ ಪ್ರಾಂಪ್ಟಿಗೆ) ಹೋಗುತ್ತೆ, ಅಲ್ಲಿಂದ ಪಾಸ್‌ವರ್ಡ್ ದಾಟೋ ದಾರಿನೂ ಇದೆ. ಹಂಗಾಗಿ ಬ್ರೇಕ್ ಹಕ್ಕನ್ನ ಬೇರೆ ಮಾಡೋಕೆ ಆಗೋ ಬಾಕ್ಸಾದ್ರೆ ಬೇರೆ ಮಾಡಿ.

ಒಂದು ಬಿಲ್ಡಿಂಗಿಂದ ಇನ್ನೊಂದು ಬಿಲ್ಡಿಂಗಿಗೆ ಸೀರಿಯಲ್ ತಾಮ್ರದ ತಂತಿ ಎಳೀಬೇಡಿ, ಎರಡರ ಅರ್ಥಿಂಗ್ ಒಂದೇ ಮಟ್ಟದಲ್ಲಿ ಇರಲ್ಲ. ಚಿತ್ರದುರ್ಗದ ಗುಡ್ಡದ ಕಡೆ ಏಪ್ರಿಲ್-ಮೇ ಗುಡುಗು ಮಳೆ ಶುರುವಾದ ಮೇಲೆ ಒಂದೇ ರಾತ್ರಿ ನಾಲ್ಕು ಪೋರ್ಟ್ ಸತ್ತಿದ್ದನ್ನ ನೋಡಿದೀನಿ, ನಾಲ್ಕೂ ಅಂಗಳ ದಾಟಿ ಬಂದಿದ್ದ ಕೇಬಲ್ಲಿನವು, ಉಳಿದವು ಗುಂಡುಕಲ್ಲಿನಂಗೆ ಇದ್ವು. ಅಲ್ಲಿಗೆ ಫೈಬರ್ ಹಾಕಿ ಆ ಕಡೆ ಒಂದು ಚಿಕ್ಕ ಬಾಕ್ಸ್ ಇಡಿ. ರ್ಯಾಕ್ ಮುಟ್ಟಿದ್ರೆ ಜುಮ್ ಅಂತು, ಸುಟ್ಟ ವಾಸನೆ ಬಂತು, ಮೀಟರಲ್ಲಿ ಸೀರಿಯಲ್ ಪಿನ್ನಲ್ಲಿ 15ಕ್ಕಿಂತ ಹೆಚ್ಚು ವೋಲ್ಟ್ ಕಾಣ್ತು ಅಂದ್ರೆ ಅಲ್ಲಿಗೆ ನೆಟ್‌ವರ್ಕ್‌ನವನ ಕೆಲಸ ಮುಗೀತು, ಎಲೆಕ್ಟ್ರಿಷಿಯನ್ ಕರೀರಿ, ಅವನು ಬರೋ ತನಕ ಯಾರೂ ಮುಟ್ಟದ ಹಂಗೆ ಬಾಗಿಲು ಹಾಕಿ.

ಕಂಪನಿ ಸಪೋರ್ಟಿಗೆ ಫೋನ್ ಮಾಡೋದಾದ್ರೆ ಮಾಡೆಲ್, ಫರ್ಮ್‌ವೇರ್ ವರ್ಷನ್, ಪೋರ್ಟ್ ನಂಬರ್, ಅದರ ಬಾಡ್ ಮತ್ತೆ ಫ್ಲೋ ಕಂಟ್ರೋಲ್, ಮೊದಲು ಹೇಳಿದ ಎರಡು ಟೆಸ್ಟಿನ ಉತ್ತರ, ಲೂಪ್‌ಬ್ಯಾಕ್ ಪ್ಲಗ್ ಹಾಕಿದಾಗ ಏನಾಯ್ತು ಇಷ್ಟು ಚೀಟಿಯಲ್ಲಿ ಬರೆದಿಟ್ಕೊಂಡು ಮಾಡಿ. ಕಾನ್ಫಿಗ್ ಫೈಲ್ ಕಳಿಸಿ ಅಂದ್ರೆ ಶೇರ್ಡ್ ಸೀಕ್ರೆಟ್ಟು, ಪಾಸ್‌ವರ್ಡ್ ಹ್ಯಾಶು ತೆಗೆದು ಕಳಿಸಿ.